ಚಕ್ರ ಹಚ್ಚಿದ ಬೀರು

ಸೆಪ್ಟೆಂಬರ್ 1, ಭಾನುವಾರ

ಇದು ನನ್ನ ದಿನಚರಿಯಲ್ಲ, ಗಾಡಿಯದು. ಬೆಟ್ಟ ಹತ್ತುವ ಪ್ರತಿ ಗಾಡಿಗೂ ಒಂದು ದಾಖಲೆ ಪುಸ್ತಕ ಇರಲೇಬೇಕೆಂದು ನಮ್ಮ ಸಾಹಸಿ ಗಾಡಿಗಳ ಬಳಗದ ಕ್ಯಾಪ್ಟನ್ ಅಪ್ಪಣೆ ಮಾಡಿದ್ದಾರೆ. ಎಷ್ಟು ಎಣ್ಣೆ ಕುಡಿಯಿತು, ಎಲ್ಲಿ ಹೂತುಕೊಂಡಿತು, ಹೇಗೆ ಎದ್ದು ಬಂತು, ಎಲ್ಲವನ್ನೂ ಬರೆಯಬೇಕು. ಕ್ಯಾಪ್ಟನ್ ಎಂದರೆ ಸೈನ್ಯದವರಲ್ಲ. ಬಚ್ಚಲುಮನೆಗೆ ಹಾಕುವ ಟೈಲ್ಸ್ ಮಾರುತ್ತಾರೆ. ಆದರೆ ಮೈತುಂಬ ಜೇಬಿರುವ ಅಂಗಿ ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ಬೆಟ್ಟದ ಕಡೆ ನೋಡಿದರೆಂದರೆ ಟೈಲ್ಸ್ ನೆನಪಿಗೇ ಬರುವುದಿಲ್ಲ.

ಗಾಡಿ ಬಂದು ಎರಡು ವಾರ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಹಿಂದಿನ ಮಾಲೀಕ ಇದನ್ನು ತರಕಾರಿ ತರಲು ಬಳಸುತ್ತಿದ್ದನಂತೆ, ಪಾಪಿ. ಆದರೆ ನಾನಾದರೂ ಏನು? ಇಪ್ಪತ್ತಾರು ವರ್ಷದಿಂದ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಆರು ಮೀಟರ್ ಆಚೆಗಿನ ಅಕ್ಷರಗಳನ್ನು ಜನರ ಬಾಯಿಂದ ಓದಿಸುತ್ತಿದ್ದೇನೆ. ಇದು ಸ್ಪಷ್ಟವೋ, ಅದು ಸ್ಪಷ್ಟವೋ? ಆರು ಮೀಟರಿನ ಆಚೆಗೂ ಒಂದು ಲೋಕವಿದೆ ಎಂದು ಹೊಳೆಯುವಷ್ಟರಲ್ಲಿ ಐವತ್ತೊಂದು ತುಂಬಿತು.

ಹೆಂಡತಿ ನಿನ್ನೆ ಹೊರಟಳು. ಅವಳದು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಬೇರೆ ಊರಿನಲ್ಲಿ ಮೂರು ತಿಂಗಳ ತರಬೇತಿ. ಏಳು ವರ್ಷ ಅರ್ಜಿ ಹಾಕಿದ ಮೇಲೆ ಸಿಕ್ಕಿದ್ದು. ರೈಲು ಅಲ್ಲಾಡಿದಾಗ ಕಿಟಕಿಯಿಂದ ಕೂಗಿ ಹೇಳಿದಳು: "ರೀ, ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳಿ. ಗಾಡೀನಲ್ಲ, ಅಮ್ಮನ್ನ!"

ಅತ್ತೆ ನಮ್ಮ ಜೊತೆಗಿದ್ದು ನಾಲ್ಕು ವರ್ಷವಾಯಿತು. ಎಪ್ಪತ್ತನಾಲ್ಕು ವಯಸ್ಸು. ನನ್ನನ್ನು ಯಾವತ್ತೂ ನೇರ ನೋಡಿದವರಲ್ಲ. ಕತ್ತು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ಅಳೆಯುತ್ತಾರೆ. ಬುಟ್ಟಿಯಲ್ಲಿ ಉಳಿದ ಬಾಡಿದ ಬದನೆಕಾಯಿಯನ್ನು ನೋಡುವ ಹಾಗೆ. ಗಾಡಿಯ ವಿಷಯದಲ್ಲಂತೂ ಈ ತಾತ್ಸಾರ ದುಪ್ಪಟ್ಟು. ಮಾವ ಕಲ್ಲುಗಣಿಯ ಲಾರಿ ಓಡಿಸುತ್ತಿದ್ದರು, ಮದುವೆಯಾದ ಮೇಲೆ ಹನ್ನೊಂದು ವರ್ಷ ಅತ್ತೆಯೇ ಆ ಲಾರಿಗೆ ಕ್ಲೀನರ್.

ಇವತ್ತು ಗಾಡಿಯ ಮೈ ಸವರುತ್ತ ಒಂದು ಸುತ್ತು ಬಂದರು. ಹೊಗಳಬಹುದೆಂದು ಕಾದೆ.

"ಬೀರುಗೆ ಚಕ್ರ ಹಚ್ಚಿದ ಹಾಗಿದೆಯಲ್ಲ ಅಳಿಯಂದ್ರೆ," ಅಂದರು.

ಸೆಪ್ಟೆಂಬರ್ 8, ಭಾನುವಾರ

ಪೆಟ್ರೋಲ್ ಬಂಕಿನ ಪಕ್ಕದ ಚಹದಂಗಡಿಯ ಮುಂದೆ ಬಳಗದ ಸಭೆ. ಒಂಬತ್ತು ಗಾಡಿಗಳು, ಒಂದಕ್ಕಿಂತ ಒಂದು ಎತ್ತರ. ಬೆಟ್ಟದಾಚೆಯ ಕೆರೆಗೆ ಹೋಗುವ ಮಹಾಯಾತ್ರೆ ಮೂರು ವರ್ಷದಿಂದ ಮುಂದೆ ಹೋಗುತ್ತಲೇ ಇದೆ. ಪ್ರತಿ ಸಲವೂ ಯಾರದಾದರೂ ಒಂದು ಸಾಮಾನು ಕಡಿಮೆ ಬೀಳುತ್ತದೆ. "ಸಿದ್ಧತೆ ಇಲ್ಲದೋನಿಗೆ ಸಿದ್ಧಿ ಇಲ್ಲ," ಎಂದರು ಕ್ಯಾಪ್ಟನ್. ನಾವು ತಲೆಯಾಡಿಸಿ ಇನ್ನೊಂದು ಸುತ್ತು ಚಹ ಹೇಳಿದೆವು. ಕೊನೆಗೆ ಅಕ್ಟೋಬರ್ ಹದಿಮೂರು ಎಂದು ಗೊತ್ತಾಯಿತು. ನನ್ನ ಗಾಡಿಗೆ ಎತ್ತರದ ಉಸಿರುಕೊಳವೆ ಇಲ್ಲದಿರುವುದು ಎಲ್ಲರ ಕಣ್ಣಿಗೂ ಬಿತ್ತು. ನಾಚಿಕೆಯಾಗಿ ಸೀದಾ ಗ್ಯಾರೇಜಿಗೆ ಹೋಗಿ ಹಾಕಿಸಿಕೊಂಡು ಬಂದೆ.

ಅತ್ತೆ ಕೊಳವೆಯನ್ನು ಬುಡದಿಂದ ತುದಿಯವರೆಗೆ ತಡವಿ ನೋಡಿದರು.

"ಗಾಡಿ ಮೂಗು ನೆತ್ತಿ ಮೇಲ್ಯಾಕೆ?"

"ನೀರಲ್ಲಿ ಮುಳುಗಿದಾಗ ಎಂಜಿನ್ ಉಸಿರಾಡ್ಬೇಕಲ್ಲ ಅತ್ತೆ."

"ಎಂಜಿನ್ ಉಸಿರಾಡುತ್ತೆ ಸರಿ. ಒಳಗಿರೋ ನೀವು?"

ಇದನ್ನು ಕ್ಯಾಪ್ಟನ್‌ರನ್ನು ಕೇಳಬೇಕು.

ಸೆಪ್ಟೆಂಬರ್ 11, ಬುಧವಾರ

ಈ ವಾರ ಸೇರಿದ್ದು: ಮುಂದುಗಡೆ ಹೂತ ಗಾಡಿಯನ್ನು ಎಳೆಯುವ ಉಕ್ಕಿನ ಹಗ್ಗದ ವಿಂಚು, ಕೆಸರಿನಲ್ಲಿ ಚಕ್ರದ ಕೆಳಗೆ ಕೊಡುವ ಹಲಗೆ ನಾಲ್ಕು, ನನ್ನೆತ್ತರದ ಜಾಕಿ, ಗುದ್ದಲಿ, ಕೊಡಲಿ, ಎಂಟು ದೀಪ. ಎಂಟನ್ನೂ ಒಟ್ಟಿಗೆ ಹಾಕಿದರೆ ಮೈಲಿಯಾಚೆಯ ಮೊಲದ ಮೀಸೆ ಕಾಣುತ್ತದೆ ಎಂದು ಅಂಗಡಿಯವನು ಹೇಳಿದ.

ಅತ್ತೆ ಬೆಳಿಗ್ಗೆ ಚಹವನ್ನು ಲೋಟದ ಪಕ್ಕಕ್ಕೆ ಸುರಿದರು. ವಯಸ್ಸು.

ಸೆಪ್ಟೆಂಬರ್ 15, ಭಾನುವಾರ

ಗಾಡಿಯ ತಲೆಯ ಮೇಲೆ ಕೂರುವ ಟೆಂಟು ಬಂತು. ಎರಡೇ ನಿಮಿಷದಲ್ಲಿ ಬಿಚ್ಚಬಹುದೆಂದು ಪೆಟ್ಟಿಗೆಯ ಮೇಲೆ ಬರೆದಿದೆ. ಮನೆಯ ಮುಂದೆ, ಸುಡುಬಿಸಿಲಲ್ಲಿ, ಎರಡು ಗಂಟೆಯಲ್ಲಿ ಬಿಚ್ಚಿದೆ. ಏಣಿ ಹತ್ತಿ ಒಳಗೆ ಹೊರಳಿದ್ದೇ ಏಣಿ ಕಳಚಿ ಬಿತ್ತು. ಇಳಿಯುವ ದಾರಿಯಿಲ್ಲ. ಹಾದಿಹೋಕರೆಲ್ಲ ತಲೆಯೆತ್ತಿ, ನಮಸ್ಕಾರ ಮಾಡಿ, ನಕ್ಕು ಹೋದರು.

ಅತ್ತೆಯನ್ನು ಕರೆದೆ. ಬಂದರು. ಏಣಿ ಅವರ ಕಾಲ ಬುಡದಲ್ಲೇ ಬಿದ್ದಿದೆ. ಬಗ್ಗಿ ಅತ್ತ ತಡವುತ್ತಾರೆ, ಇತ್ತ ತಡವುತ್ತಾರೆ, ಏಣಿಯೊಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟುತ್ತಾರೆ. "ಅಲ್ಲೇ ಅತ್ತೆ, ಮೂಗಿನ ಮುಂದೆ!" ಎಂದು ಕೂಗಿದೆ. ನನ್ನನ್ನು ಇನ್ನಷ್ಟು ಹೊತ್ತು ಅಟ್ಟದ ಮೇಲಿಟ್ಟು ಮಜಾ ನೋಡುವ ಉಪಾಯ, ಬೇರೇನೂ ಅಲ್ಲ. ಕೊನೆಗೆ ಕಾಲಿಗೆ ಎಡವಿದ ಮೇಲೆ ಸಿಕ್ಕಿತು.

ಸೆಪ್ಟೆಂಬರ್ 24, ಮಂಗಳವಾರ

ಗಾಡಿಯ ಹಿಂಭಾಗ ಕುಸಿದಿದೆ. ಗ್ಯಾರೇಜಿನ ಮೇಸ್ತ್ರಿ ಕೆಳಗೆ ಮಲಗಿ ನೋಡಿ ಎದ್ದ.

"ತೂಕ ಜಾಸ್ತಿಯಾಗಿದೆ ಸಾರ್. ಇಳಿಸಿ."

ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ತೂಕ ಇಳಿಸುವುದು ಹೇಡಿಗಳ ಕೆಲಸ, ಗಟ್ಟಿ ಸ್ಪ್ರಿಂಗು ಹಾಕಿಸು ಎಂದರು. ಹಾಕಿಸಿದೆ. ಗಾಡಿ ಮೂರು ಬೆರಳು ಎತ್ತರವಾಯಿತು. ಈಗ ನಾನು ಹತ್ತುವಾಗ ಪ್ಯಾಂಟಿನ ಹೊಲಿಗೆ ಒಂದು ಥರ ಸದ್ದು ಮಾಡುತ್ತದೆ.

ಅಕ್ಟೋಬರ್ 10, ಗುರುವಾರ

ಪಕ್ಕದ ಮನೆಯಾಕೆ ಭಾನುವಾರ ಅತ್ತೆಯ ಜೊತೆಗಿರುತ್ತೇನೆಂದು ಒಪ್ಪಿದ್ದರು. ಈಗ ಅವರ ತಮ್ಮನಿಗೆ ಮೈಸರಿಯಿಲ್ಲವೆಂದು ಅಲ್ಲಿಗೆ ಹೊರಟಿದ್ದಾರೆ. ಮೂರು ವರ್ಷ ಕಾದ ಯಾತ್ರೆ! ಒಂದು ದಿನ ಒಬ್ಬರೇ ಇರಬಹುದೇ ಎಂದು ಅತ್ತೆಯನ್ನೇ ಕೇಳಿದೆ.

"ಇರ್ತೀನಿ. ಆದ್ರೆ ನಾನೂ ಬರ್ತೀನಿ," ಅಂದರು. ಕ್ಯಾಪ್ಟನ್‌ಗೆ ಫೋನ್ ಮಾಡಿ ತಿಳಿಸಿದೆ.

ಕ್ಯಾಪ್ಟನ್ ಮುಖ ಹುಳ್ಳಗೆ ಮಾಡಿಕೊಂಡಿರಬೇಕು, ಫೋನಿನಲ್ಲೇ ಗೊತ್ತಾಯಿತು. "ಇದು ಸಾಹಸ ಯಾತ್ರೆ, ಸಂಬಂಧಿಕರ ಮನೆಗೆ ಹೋಗೋದಲ್ಲ."

ಅಕ್ಟೋಬರ್ 14, ಸೋಮವಾರ

ನಿನ್ನೆಯದನ್ನು ಬರೆಯಬೇಕು. ಅಂಗಡಿಗೆ ರಜೆ ಹಾಕಿದ್ದೇನೆ.

ಒಂಬತ್ತು ಗಾಡಿಗಳಲ್ಲಿ ಐದೇ ಬಂದವು. ಅತ್ತೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿ ಮುಂದಿನ ಸೀಟಿಗೆ ಹತ್ತಿಸಿದೆ. ವಾರವಿಡೀ ಮಳೆ ಬಂದಿತ್ತು. ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗಿ ಅರ್ಧ ಮೈಲಿಯೂ ಹೋಗಿಲ್ಲ, ಕ್ಯಾಪ್ಟನ್ ಗಾಡಿ ಕೆಸರಿನಲ್ಲಿ ಹೊಟ್ಟೆಯವರೆಗೆ ಕೂತಿತು. ವಿಂಚಿನ ಹಗ್ಗ ಬಿಚ್ಚಿದರು. ಕಟ್ಟಲು ಮರವಿಲ್ಲ. ಸುತ್ತ ಹುಲ್ಲು, ಹುಲ್ಲು, ಹುಲ್ಲು. ಸರಿ, ಹಿಂದಿನ ಗಾಡಿಗೆ ಕಟ್ಟಿದರು. ಅದೂ ಜಾರಿ ಪಕ್ಕದಲ್ಲೇ ಬಂದು ಕೂತಿತು. ಮೂರನೆಯದು ಇಬ್ಬರನ್ನೂ ಎಳೆಯಲು ಹೋಗಿ ಮೂವರಾದರು. ನಾಲ್ಕನೆಯವರು ಮನೆಯಿಂದ ಕರೆ ಬಂತೆಂದು ತಿರುಗಿಸಿಕೊಂಡು ಹೋದರು. ಅಷ್ಟರಲ್ಲಿ ಹಾಲಿನವನೊಬ್ಬ ತೇಪೆ ಹಾಕಿದ ಮೊಪೆಡ್ಡಿಗೆ ಎರಡು ಕ್ಯಾನು ಕಟ್ಟಿಕೊಂಡು, ಅದೇ ದಾರಿಯ ಅಂಚಿನಲ್ಲಿ ಬಂದು, "ಏನಾಯ್ತು ಸಾರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದ.

ಅತ್ತೆ ಇಳಿಯುತ್ತೇನೆ ಎಂದರು. ಚಪ್ಪಲಿ ಬಿಚ್ಚಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ಕೆಸರು ಮೆಟ್ಟುತ್ತ ಹತ್ತು ಹೆಜ್ಜೆ ಹೋಗಿ ಬಂದರು.

"ಕೆಳಗೆ ಗಟ್ಟಿ ಇದೆ, ಎಡಗಡೆ ಅಂಚಲ್ಲಿ. ಅಳಿಯಂದ್ರೆ, ತಲೆ ಮೇಲಿನ ಮನೆ ಇಳಿಸಿ. ಹಿಂದಿರೋ ಕಬ್ಬಿಣದಂಗಡೀನೂ ಇಳಿಸಿ. ಆಮೇಲೆ ಟೈರ್ ಗಾಳಿ ಬಿಡಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರ್ಲಿ. ಟೈರು ಅಗಲವಾಗಿ ಕೂತ್ರೆ ತೇಲುತ್ತೆ."

"ವಿಂಚ್ ಇದೆಯಲ್ಲಮ್ಮ," ಎಂದರು ಕ್ಯಾಪ್ಟನ್, ಮಂಡಿಯವರೆಗೆ ಕೆಸರಲ್ಲಿ ನಿಂತು.

"ಇದೆಯಲ್ಲಪ್ಪ, ನೋಡ್ತಾ ಇದ್ದೀವಿ."

ಟೆಂಟು, ಜಾಕಿ, ಹಲಗೆ, ಡಬ್ಬಗಳನ್ನೆಲ್ಲ ಹುಲ್ಲಿನ ಮೇಲೆ ರಾಶಿ ಹಾಕಿದೆ. ಗಾಳಿ ಅಳೆಯುವ ಮಾಪಕವನ್ನು ಅತ್ತೆಯ ಕೈಗೆ ಕೊಟ್ಟು ನಾನು ಸೂಜಿ ಒತ್ತಿ ಗಾಳಿ ಬಿಡುತ್ತ ಹೋದೆ. ಅವರು ಇನ್ನೊಂದು ಕೈಯನ್ನು ಟೈರಿನ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು.

"ಎಷ್ಟಿದೆ ಅತ್ತೆ?"

"ಇನ್ನೂ ಬಿಡಿ... ಇನ್ನೂ... ಸಾಕು. ಹದಿನೆಂಟು."

ತಲೆಯೆತ್ತಿ ನೋಡಿದೆ. ಮುಳ್ಳು ಹದಿನೆಂಟರ ಮೇಲೇ ಇತ್ತು. ಅದು ನನಗೆ ಕಾಣುತ್ತಿತ್ತು, ಯಾಕೆಂದರೆ ಮಾಪಕದ ಮುಖ ನನ್ನ ಕಡೆಗಿತ್ತು. ಅವರು ಅದರ ಬೆನ್ನನ್ನು ನೋಡುತ್ತಿದ್ದರು.

ಉಳಿದ ಮೂರು ಟೈರುಗಳನ್ನೂ ಹಾಗೇ ಅಳೆದೆವು. ಮೂರೂ ಸರಿಯಿದ್ದವು.

ಮತ್ತೆ ಹತ್ತಿ ಕೂತೆವು. ಅತ್ತೆ ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳುತ್ತ ಹೇಳುತ್ತಿದ್ದರು: "ಒತ್ತಬೇಡಿ. ಹಾಗೇ ಹೋಗ್ಲಿ. ಒದ್ದಾಡ್ತಿದೆ, ಸ್ಟೇರಿಂಗ್ ಸ್ವಲ್ಪ ಅತ್ತಿತ್ತ ಆಡಿಸಿ. ಹಾಂ, ಕಚ್ಚಿಕೊಂಡ್ತು. ಈಗ ನಿಲ್ಲಿಸ್ಬೇಡಿ, ಅಪ್ಪ ಬಂದು ಕರೆದ್ರೂ ನಿಲ್ಲಿಸ್ಬೇಡಿ." ಆಚೆ ದಡ ಹತ್ತಿದಾಗ ನನ್ನ ಬೆನ್ನು ಪೂರ್ತಿ ಒದ್ದೆ. ಹಿಂದಿದ್ದ ಮೂವರನ್ನು ಕರೆದೊಯ್ಯಲು ಟ್ರ್ಯಾಕ್ಟರ್ ಬರುವುದಿತ್ತು. ನಾವಿಬ್ಬರೇ ಕೆರೆಗೆ ಹೋದೆವು.

ದಂಡೆಯ ಮೇಲೆ ಎಂಜಿನ್ ಆರಿಸಿದೆ. ಅತ್ತೆ ಕೇಳಿದರು: "ಏನು ಕಾಣ್ತಿದೆ, ಹೇಳಿ."

"ಕೆರೆ."

"ಕೆರೆಗೇ ಬಂದಿದ್ದಲ್ವ? ಮತ್ತೆ?"

"ನೀರಿದೆ."

"ಬಣ್ಣ?"

"ನೀರಿನ ಬಣ್ಣ."

"ಇಷ್ಟು ವರ್ಷ ಊರಿಗೆಲ್ಲ ಕನ್ನಡಕ ಹಾಕಿಸಿದ್ರಿ. ನೀವೊಂದು ಹಾಕ್ಕೊಳ್ಳಿ ಅಳಿಯಂದ್ರೆ."

ಆಗ ಕೇಳಿದೆ. "ಅತ್ತೆ, ಕಣ್ಣು ಯಾವಾಗಿಂದ ಹೀಗೆ?"

"ನಿಮ್ಮ ಮನೆಗೆ ಬರುವಾಗ್ಲೇ ಶುರುವಾಗಿತ್ತು. ನಿಮ್ಮ ಮುಖ ಪೂರ್ತಿ ಹೋಗಿ ಎರಡು ವರ್ಷ ಆಯ್ತು. ನೇರ ನೋಡಿದ್ರೆ ಮಧ್ಯದಲ್ಲಿ ಒಂದು ಮಬ್ಬು. ಕಿವಿ ಎರಡೂ ಚೆನ್ನಾಗಿ ಕಾಣುತ್ತೆ."

"ಹೋದ ವರ್ಷ ನಾನೇ ಪರೀಕ್ಷೆ ಮಾಡಿದ್ನಲ್ಲ! ಕೊನೇ ಸಾಲಿನವರೆಗೂ ಓದಿದ್ರಿ!"

"ಅಂಗಡೀಲಿ ಒಂದು ಗಂಟೆ ಕಾಯಿಸಿದ್ರಲ್ಲ. ಒಳಗೆ ಹೋದೋರೆಲ್ಲ ಅದನ್ನೇ ಗಟ್ಟಿಯಾಗಿ ಓದ್ತಿದ್ರು. ಬಾಯಿಪಾಠ ಆಯ್ತು."

ಅಂಗಡಿಗೆ ಬಂದ ಯಾವ ಅಜ್ಜಿಯಾದರೂ ಹಾಗೆ ಕತ್ತು ತಿರುಗಿಸಿ ಕಣ್ಣಂಚಿನಿಂದ ನೋಡಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆ. ಇದು ನಡುನೋಟ ಹೋದವರ ಲಕ್ಷಣ, ಪುಸ್ತಕದ ಮೊದಲ ಪಾಠ. ನಾನು ಅದನ್ನು ನಾಲ್ಕು ವರ್ಷ ತಾತ್ಸಾರ ಎಂದುಕೊಂಡಿದ್ದೆ.

"ಅವಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ತರಬೇತಿಗೆ ಹೋಗ್ತಿದ್ಲಾ? ಏಳು ವರ್ಷ ಕಾದಿದ್ದಾಳೆ. ಅವಳು ವಾಪಸ್ ಬರೋವರೆಗೆ ನೀವೂ ಬಾಯಿ ಬಿಡಬಾರ್ದು. ಆಣೆ ಮಾಡಿ."

ಆಣೆ ಮಾಡಿದೆ. ಆಮೇಲೆ ನೀರಿನ ಕಡೆ ನೋಡಿ ಹೇಳಲು ಪ್ರಯತ್ನಿಸಿದೆ. ದಡದ ಹತ್ತಿರ ಕಂದು, ಒಳಗೆ ಹೋದಂತೆ ಬೂದಿ. ಗಾಳಿ ಬಂದ ಕಡೆ ಮಾತ್ರ ಚರ್ಮ ಸುಕ್ಕಾದಂತೆ. ಮೂರು ಬಾತು, ಅಲ್ಲ, ನಾಲ್ಕು. ಒಂದರ ತಲೆ ನೀರೊಳಗಿತ್ತು. ಇಷ್ಟು ಹೇಳುವುದರಲ್ಲಿ ಸಾಕುಸಾಕಾಯಿತು.

ಎಣ್ಣೆ ಎಷ್ಟು ಕುಡಿಯಿತೆಂದು ನೋಡಲು ಮರೆತೆ.

ಅಕ್ಟೋಬರ್ 15, ಮಂಗಳವಾರ

ಕೆಸರು ಒಣಗುವ ಮೊದಲು ಗಾಡಿಯ ಹೊಟ್ಟೆ ತೊಳೆಯಬೇಕು, ಇಲ್ಲದಿದ್ದರೆ ಬ್ರೇಕು ಕೆಡುತ್ತದೆ ಎಂದು ಅತ್ತೆ ಬೆಳಿಗ್ಗೆಯೇ ಎಬ್ಬಿಸಿದರು. ನಾನು ಕೆಳಗೆ ಮಲಗಿ ಪೈಪು ಹಿಡಿದೆ. ತೊಳೆದು ಮುಗಿಯಿತು ಎಂದೆ. ಅವರು ಕೈ ತೂರಿಸಿ ಸ್ಪ್ರಿಂಗಿನ ಹಿಂದಿನಿಂದ ಹಿಡಿ ಮಣ್ಣು ತೆಗೆದು ನನ್ನ ಎದೆಯ ಮೇಲಿಟ್ಟರು.

ಅಕ್ಟೋಬರ್ 17, ಗುರುವಾರ

ಕಣ್ಣಿನ ಡಾಕ್ಟರರಲ್ಲಿಗೆ ಹೋಗಿದ್ದೆವು. ಹೋದದ್ದು ವಾಪಸ್ ಬರುವುದಿಲ್ಲ. ಸುತ್ತಲಿನ ನೋಟ ಉಳಿಯುತ್ತದೆ. ಆಗಾಗ ತೋರಿಸುತ್ತಿರಬೇಕು.

"ನೀವೂ ಇದೇ ಕೆಲಸದಲ್ಲಿರೋದಲ್ವಾ?" ಎಂದು ಡಾಕ್ಟರು ಕೇಳಿದರು.

ಹೌದು ಅಂದೆ.

ಅಕ್ಟೋಬರ್ 27, ಭಾನುವಾರ

ಕಲ್ಲುಗಣಿಯ ಹಳೆಯ ದಾರಿಯಲ್ಲಿ ಹೋಗಿ ಬಂದೆವು. ಗಣಿ ಮುಚ್ಚಿ ಬಹಳ ಕಾಲವಾಗಿದೆ. ಗುಂಡಿಯಲ್ಲಿ ನೀರು ನಿಂತಿದೆ, ಅಂಚಿಗೆ ಜೊಂಡು ಬೆಳೆದಿದೆ. ಕಲ್ಲು ಕತ್ತರಿಸಿದ ಗೋಡೆಯಲ್ಲಿ ಉಳಿಯ ಗೆರೆಗಳು ಇನ್ನೂ ಸಾಲುಸಾಲಾಗಿವೆ. ಕಬ್ಬಿಣ ಇದ್ದಲ್ಲಿ ತುಕ್ಕು ಇಳಿದು ಕೆಂಪು ನಾಲಿಗೆಗಳಾಗಿವೆ. ಒಂದು ಹಳೆಯ ಗಾಲಿ, ಅದರ ನಡುವಿಂದ ಗಿಡ. ಎಲೆ ಅಂಗೈಯಷ್ಟು, ಬೆನ್ನು ಬಿಳಿ. ಇದನ್ನೆಲ್ಲ ಹೇಳಿದ ಮೇಲೆ ಅತ್ತೆ, "ಆ ತಿರುವಲ್ಲಿ ನಿಮ್ಮ ಮಾವ ಲಾರಿ ನಿಲ್ಲಿಸಿ ನಂಗೆ ಸ್ಟೇರಿಂಗ್ ಕೊಡ್ತಿದ್ರು. ಮೇಲೆ ಗಣೀಲಿದ್ದೋರಿಗೆ ಕಾಣ್ತಿರ್ಲಿಲ್ಲ," ಎಂದರು.

ಹೆಂಡತಿ ಫೋನ್ ಮಾಡಿದಳು. ಅಮ್ಮ ಹೇಗಿದ್ದಾರೆ ಎಂದಳು.

"ಚೆನ್ನಾಗಿದ್ದಾರೆ. ಗಾಡೀಲಿ ಸುತ್ತಾಡಿಸ್ಕೊಂಡು ಬಂದೆ."

"ನೀವು? ಅಮ್ಮನ್ನ? ಏನು ಒಡೆದು ಹಾಕಿದ್ರಿ, ಈಗ್ಲೇ ಹೇಳ್ಬಿಡಿ."

ಸುಳ್ಳು ಹೇಳುವುದು ನಾನಂದುಕೊಂಡಷ್ಟು ಸುಲಭವಲ್ಲ. ಫೋನಿಟ್ಟ ಮೇಲೆ ಊಟ ಸೇರಲಿಲ್ಲ.

ನವೆಂಬರ್ 6, ಬುಧವಾರ

ಗಾಡಿಯ ಬಾಗಿಲ ಕೆಳಗೆ ಒಂದು ಮೆಟ್ಟಿಲು, ಒಳಗೆ ಒಂದು ಹಿಡಿ ಹಾಕಿಸಿದೆ. ಮೆಟ್ಟಿಲಿನ ಅಂಚಿಗೆ ದಪ್ಪ ಹಳದಿ ಪಟ್ಟಿ ಬಳಿದಿದ್ದೇನೆ. ಅಂಚುನೋಟಕ್ಕೆ ಬೇಗ ಸಿಗುತ್ತದೆ. ಗಟ್ಟಿ ಸ್ಪ್ರಿಂಗು ತೆಗೆಸಿ ಹಳೆಯದನ್ನೇ ಹಾಕಿಸಿದೆ. ಗುಂಡಿಯಲ್ಲಿ ಅತ್ತೆಯ ಸೊಂಟ ಹಿಡಿಯುತ್ತಿತ್ತು. ಕೆಸರಿನ ಬಳಿ ಇಳಿಸಿದ್ದ ಟೆಂಟನ್ನು ಟ್ರ್ಯಾಕ್ಟರಿನವನು ಗ್ಯಾರೇಜಿಗೆ ತಂದು ಹಾಕಿದ್ದ, ಅದು ಅಲ್ಲೇ ಇದೆ. ಮೇಸ್ತ್ರಿ ಮಧ್ಯಾಹ್ನ ಅದರಲ್ಲಿ ಊಟ ಮಾಡಿ ಕಣ್ಣು ಮುಚ್ಚುತ್ತಾನೆ. ತರಬೇಕು, ಪ್ರತಿ ಸಲ ಮರೆಯುತ್ತೇನೆ.

ನವೆಂಬರ್ 12, ಮಂಗಳವಾರ

ಕ್ಯಾಪ್ಟನ್ ಅಂಗಡಿಗೆ ಬಂದಿದ್ದರು. ನಾನು ನಾಲ್ಕು ಭಾನುವಾರ ಸಭೆಗೆ ಬಂದಿಲ್ಲವಂತೆ. ಅಷ್ಟಾಯಿತೇ? ಹೊರಗೆ ನಿಂತ ಗಾಡಿ ನೋಡಿ, "ಏನ್ರೀ ಇದು, ಮೆಟ್ಟಿಲು? ಸ್ಕೂಲ್ ವ್ಯಾನ್ ಮಾಡ್ಬಿಟ್ರಲ್ಲ," ಎಂದರು. ಬಳಗ ಮುಂದಿನ ವರ್ಷ ಮತ್ತೆ ಕೆರೆಗೆ ಹೋಗುತ್ತದೆ, ಈ ಸಲ ಎರಡೆರಡು ವಿಂಚಿನೊಂದಿಗೆ.

ಬಂದದ್ದು ಬಂದಿರಿ ಎಂದು ಕೂರಿಸಿ ಕಣ್ಣು ಪರೀಕ್ಷಿಸಿದೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಈ ವಯಸ್ಸಿಗೆ ಸಹಜ ಎಂದು ಸಮಾಧಾನ ಹೇಳಿ ಕಳಿಸಿದೆ.

ನವೆಂಬರ್ 21, ಗುರುವಾರ

ಆಸ್ಪತ್ರೆಗೆ ಹೋಗುವ ರಸ್ತೆಯನ್ನು ಮೂರು ಸಲ ಹೇಳಿಯಾಯಿತು. ಅತ್ತೆ ಈಗ ತಿರುವು ಬರುವ ಮೊದಲೇ ಹೇಳುತ್ತಾರೆ. ಅಂಗಡಿಗೆ ನಡೆದು ಹೋಗುವಾಗ ನಾನೊಬ್ಬನೇ ಇದ್ದರೂ ತುಟಿ ಆಡುತ್ತಿರುತ್ತದೆ. ದರ್ಜಿ ಹೊಸ ಪರದೆ ಹಾಕಿದ್ದಾನೆ, ಕೆಂಪು, ಒಂದು ಕಡೆ ಕೊಕ್ಕೆ ಬಿಟ್ಟಿದೆ. ಅತ್ತೆಗೆ ಹೇಳಬೇಕು.

ನವೆಂಬರ್ 30, ಶನಿವಾರ

ಹೆಂಡತಿ ಬಂದಳು.

ತಾವೇ ಹೇಳಬೇಕೆಂದು ಅತ್ತೆ ಹಟ ಹಿಡಿದಿದ್ದರು. ನಿಲ್ದಾಣದ ಹೊರಗೆ, ಗಾಡಿಯ ಪಕ್ಕದಲ್ಲಿ ನಿಂತು, ಮಗಳ ಕೆನ್ನೆಯನ್ನು ಎರಡೂ ಕೈಯಿಂದ ಹಿಡಿದು, ನಾಲ್ಕೇ ಮಾತಿನಲ್ಲಿ ಹೇಳಿಬಿಟ್ಟರು. ಅವಳು ಅಮ್ಮನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು."

"ಒಂದೂವರೆ ತಿಂಗಳಿಂದ."

"ದಿನಾ ಫೋನ್ ಮಾಡ್ತಿದ್ದೆ ನಾನು. ದಿನಾ ಕೇಳ್ತಿದ್ದೆ."

"ಹೌದು."

"ಅವ್ರನ್ನ ಬೈಬೇಡ ಕಣೆ," ಎಂದರು ಅತ್ತೆ. "ಬಾಯಿ ಕಟ್ಟಿ ಹಾಕಿದ್ದು ನಾನು. ಪಾಪ, ಫೋನ್ ಇಟ್ಟ ಮೇಲೆ ಅನ್ನ ಬಿಡ್ತಿದ್ರು."

ಅವಳು ಹಿಂದಿನ ಸೀಟಿಗೆ ಹತ್ತಿ ಬಾಗಿಲೆಳೆದುಕೊಂಡಳು. ಅತ್ತೆ ಮೆಟ್ಟಿಲು ತುಳಿದು, ಹಿಡಿ ಹಿಡಿದು, ಯಾರ ಕೈಯೂ ಇಲ್ಲದೆ ಮುಂದೆ ಕೂತರು. ಹೊರಟೆವು. ಕನ್ನಡಿಯಲ್ಲಿ ನೋಡಿದೆ, ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಏನು ಮಾತಾಡಬೇಕೋ ನನಗೆ ಯಾವತ್ತೂ ಗೊತ್ತಾಗಿಲ್ಲ.

"ಏನು ಅಳಿಯಂದ್ರೆ, ಊರು ಖಾಲಿಯಾಯ್ತಾ?" ಎಂದರು ಅತ್ತೆ.

ಶುರು ಮಾಡಿದೆ. ಎಡಕ್ಕೆ ಬೇಕರಿ, ಬಾಗಿಲಲ್ಲಿ ಹಿಟ್ಟಿನ ಚೀಲ ಇಳಿಸುತ್ತಿದ್ದಾರೆ, ಒಬ್ಬನ ಹುಬ್ಬೂ ಬೆಳ್ಳಗಾಗಿದೆ. ಸೈಕಲ್ ಮೇಲೆ ಒಬ್ಬಳು, ಬುಟ್ಟಿಯಲ್ಲಿ ಪುಸ್ತಕ. ಬಲಕ್ಕೆ ಶಾಲೆಯ ಗೋಡೆ, ಉದ್ದಕ್ಕೂ ನೀಲಿ, ಕೆಳಗೆ ಚೆಂಡಿನ ಗುರುತುಗಳು...

"ಹಸಿರು," ಎಂದಿತು ಹಿಂದಿನಿಂದ ಒಂದು ಧ್ವನಿ, ಶೀತವಾದಂತೆ.

"ಏನು?"

"ಆ ಗೋಡೆ ನೀಲಿ ಅಲ್ಲ ರೀ. ಹಸಿರು. ಪಾಚಿ ಕಟ್ಟಿದ ನೀರಿನ ಹಸಿರು."

ಅತ್ತೆ ಕತ್ತು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ನನ್ನನ್ನು ನೋಡಿದರು. "ಹಸಿರಾ? ಒಂದೂವರೆ ತಿಂಗಳಿಂದ ನೀಲಿ ಅಂತಿದ್ರಲ್ಲ! ಹಾಗಾದ್ರೆ ಇಷ್ಟು ದಿನ ನಂಗೆ ಯಾವ ಊರು ತೋರಿಸಿದ್ರಿ?"

ಅವಳು ಎರಡು ಸೀಟಿನ ನಡುವೆ ತಲೆ ತೂರಿಸಿ, ಅಮ್ಮನ ಹೆಗಲ ಮೇಲೆ ಗಲ್ಲವಿಟ್ಟಳು. "ವಾಪಸ್ ತಿರುಗಿಸಿ. ನಿಲ್ದಾಣದಿಂದ ನಾನು ಹೇಳ್ತೀನಿ."

ಗಾಡಿ ತಿರುಗಿಸಿದೆ.